ಕರಿ ಮೊಟ್ಟೆಯ ಕೂಲಿ

ಅಂದು ಬೆಳಗ್ಗೆ ಬೆಟ್ಟದೂರಿನಲ್ಲಿ ಹಿಮ ಕರಗಿ ಸೂರಿನಿಂದ ತಟತಟ ತೊಟ್ಟಿಕ್ಕುತ್ತಿತ್ತು. ಮರುದಿನ ಈಸ್ಟರ್. ಹಬ್ಬದ ಮುಂಚಿನ ದೀರ್ಘ ಉಪವಾಸದಲ್ಲಿ ಒನುಫ್ರಿಯ ಹೊಟ್ಟೆ ಬೆನ್ನಿಗಂಟಿತ್ತು. ಒಲೆಯ ಮೇಲೆ ತೂಗುಹಾಕಿದ್ದ ಸಾಸೇಜು ಅವನನ್ನು ಹೆಸರು ಹಿಡಿದು ಕರೆಯುತ್ತಿತ್ತು.

"ಬರೀ ಮೂಸ್ತೀನಿ ದೇವರೇ, ಮೂಸೋದು ಪಾಪ ಅಲ್ವಲ್ಲ" ಎಂದು ಬೆಂಚು ಹತ್ತಿದ. ಮೊಣಕೈ ತಗಲಿ ಹಲಗೆಯ ಮೇಲಿದ್ದ ಮೊಟ್ಟೆಯೊಂದು ಬಿದ್ದು ಪಚಕ್ಕೆಂದಿತು. ನಾಯಿ ಬಂದು ಚಿಪ್ಪಿನ ಸಮೇತ ಸಾಕ್ಷಿ ಅಳಿಸಿತು.

ಹೆಂಡತಿ ಪಲಾಹ್ನ ಹಸಿ ಮೊಟ್ಟೆಗಳ ಮೇಲೆ ಜೇನುಮೇಣದಲ್ಲಿ ಚಿತ್ರ ಬರೆದು, ಬಣ್ಣಗಳಿಗೆ ಅದ್ದಿ, ಕೊನೆಗೆ ಕಪ್ಪಿಗೆ ಅದ್ದಿ ಇಟ್ಟಿದ್ದಳು. ಸಂಜೆ ಮೇಣ ಕರಗಿಸಿ ಒರೆಸಿದಾಗಲೇ ಚಿತ್ರ ಕಣ್ಣು ಬಿಡುವುದು; ಅಲ್ಲಿಯವರೆಗೆ ಎಲ್ಲವೂ ಇದ್ದಿಲಿನುಂಡೆ. "ಒಂದು ಕಮ್ಮಿಯಾದ್ರೂ ನಾಳೆ ಸಾಸೇಜಿಲ್ಲ, ಎತ್ತಿನ ಜೊತೆ ಹುಲ್ಲು ತಿನ್ನು" ಎಂದು ಹೇಳಿಯೇ ಚರ್ಚು ಗುಡಿಸಲು ಹೋಗಿದ್ದಳು.

ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಇಂಥ ಮೊಟ್ಟೆಗಳೇ; ಒನುಫ್ರಿ ಪಕ್ಕದ ಮನೆಗೆ ಓಡಿದ.

"ಹಾಫಿಯಕ್ಕ, ಒಂದು ಕರಿ ಮೊಟ್ಟೆ ಕೊಡಕ್ಕ, ಪುಣ್ಯ ಬರುತ್ತೆ."

"ಪುಣ್ಯ ಬೇಕಾದಷ್ಟಿದೆ ಕಣಪ್ಪ. ಕೊಟ್ಟಿಗೇಲಿ ಚಳಿಗಾಲದ ಸಗಣಿನೂ ಅಷ್ಟೇ ಇದೆ."

ಒನುಫ್ರಿ ಸಲಿಕೆ ಹಿಡಿದ. ಬೇಲಿಯಾಚೆಯಿಂದ ಚರ್ಚಿನ ಗಂಟೆ ಹೊಡೆಯುವ ಮಿಕಿತಾ ಇಣುಕಿದ.

"ಏನೋ, ನಿನ್ನ ಕೊಟ್ಟಿಗೆ ದಾರಿ ಮರೆತೋಯ್ತಾ?"

"ಪರೋಪಕಾರ ಮಾವ."

"ಹಂಗಾದ್ರೆ ನಮ್ಮ ಕೊಟ್ಟಿಗೇನೂ ಇದೆ. ಇಲ್ಲಾಂದ್ರೆ ಈ ಉಪಕಾರ ಯಾಕೆ ಅಂತ ಪಲಾಹ್ನನ್ನೇ ಕೇಳ್ತೀನಿ ಬಿಡು."

ಎರಡು ಕೊಟ್ಟಿಗೆ ಬಳಿದು, ಕರಿ ಮೊಟ್ಟೆಯನ್ನು ಹಲಗೆಗೆ ಸೇರಿಸುವಷ್ಟರಲ್ಲಿ ಒನುಫ್ರಿಯ ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು.

ಸಂಜೆ ಪಲಾಹ್ನ ಮೊಟ್ಟೆಗಳನ್ನು ಮೇಣದಬತ್ತಿಗೆ ಹಿಡಿದಳು. ಹಾಫಿಯಳ ಮೊಟ್ಟೆಯ ಮೇಲೆ ಯಾವ ಚಿತ್ರವಿದೆಯೋ ಎಂದು ಒನುಫ್ರಿ ಮೂಲೆಯಲ್ಲಿ ಶಿಲುಬೆ ಗುರುತು ಹಾಕುತ್ತಿದ್ದ. ಮೇಣ ಕರಗಿತು, ಬಟ್ಟೆ ಒರೆಸಿತು. ಇಣುಕಿದ್ದು ಪಲಾಹ್ನಳೇ ಬರೆಯುವ ಸೊಟ್ಟ ಕೊಂಬಿನ ಜಿಂಕೆ!

"ಪವಾಡ! ದೇವರು ದೊಡ್ಡವನು!" ಒನುಫ್ರಿ ಕುಣಿದ.

"ಯಾವ ಪವಾಡ? ಹಾಫಿಯಕ್ಕನ ಮೊಟ್ಟೆ ಒಡೀತು ಅಂತ ಈ ಜಿಂಕೇನ ಬೆಳಿಗ್ಗೆ ನಾನೇ ಅವಳಿಗೆ ಕೊಟ್ಟಿದ್ದೆ, ಪುಕ್ಕಟೆ. ಇಲ್ಲಿಗೆ ಹೆಂಗೆ ಬಂತು? ನಮ್ಮಮ್ಮನಿಗೆ ಬರೆದ ಸೂರ್ಯ ಎಲ್ಲಿ?"

ಬಾಗಿಲಲ್ಲಿ ನಾಯಿ ತುಟಿ ನೆಕ್ಕಿಕೊಂಡಿತು. ಒನುಫ್ರಿ ಎಲ್ಲವನ್ನೂ ಒಪ್ಪಿಕೊಂಡ. ಪಲಾಹ್ನ ನಕ್ಕು ನಕ್ಕು ಕಣ್ಣೊರೆಸಿ, ಮೇಣದ ಲೇಖನಿ ಮುಂದಿಟ್ಟಳು.

"ಸೂರ್ಯ ನೀನೇ ಬರಿ. ಆಮೇಲೆ ಸಾಸೇಜು."

"ಅಯ್ಯೋ, ಮನೇಲಿ ಬಿಳಿ ಮೊಟ್ಟೆ ಒಂದೂ ಇಲ್ವಲ್ಲ!" ಎಂದ ಒನುಫ್ರಿ, ದುಃಖ ನಟಿಸುತ್ತ.

ಬಾಗಿಲು ಸದ್ದಾಯಿತು. ಹಾಫಿಯಕ್ಕ ಒಳಬಂದಳು.

"ಬೆಳಿಗ್ಗೆ ಇಸ್ಕೊಂಡಿದ್ದಕ್ಕೆ ಬದಲು ಕಣವ್ವ. ಹಬ್ಬಕ್ಕೆ ಋಣ ಉಳಿಸ್ಕೋಬಾರದು."

ಮಡಿಲಿನಿಂದ ಕೋಳಿ ಆಗತಾನೇ ಇಟ್ಟ ಬಿಳಿ ಮೊಟ್ಟೆಯೊಂದನ್ನು ತೆಗೆದು, ಒನುಫ್ರಿಯ ಅಂಗೈಯಲ್ಲಿಟ್ಟಳು.