ಮೂರು ಅಡುಗೆಮನೆ, ಒಂದು ಅಂಗಳ

ಅಮ್ಮನ ತವರಿಗೆ ಹೋಗಿ ಏನೂ ಆಗದೆ ವಾಪಸು ಬಂದದ್ದು ನನಗೆ ನೆನಪಿಲ್ಲ. ಮೂಡಬಿದ್ರೆಯಿಂದ ಹೊರಡುವಾಗಲೇ ಹೆಂಡತಿ ಕೇಳುತ್ತಾಳೆ, ಈ ಸಲ ಯಾರಿಗೆ ಬೇಜಾರು ಮಾಡಿ ಬರುವುದು ಅಂತ. ತಮಾಷೆಗೆ ಅಲ್ಲ, ನಿಜವಾಗಿಯೇ ಕೇಳುವುದು.

ವಿಷಯ ಇಷ್ಟೆ. ಅಳದಂಗಡಿ ಹತ್ತಿರ ಅಮ್ಮನಿಗೆ ಮೂವರು ತಮ್ಮಂದಿರು. ಪಾಲಾದ ಮೇಲೆ ಒಂದೇ ಅಂಗಳದ ಸುತ್ತ ಮೂರು ಮನೆ, ಮೂರು ಅಡುಗೆಮನೆ. ದನದ ಹಟ್ಟಿ, ಬಾವಿ ಮತ್ತು ದನಗಳಿಗೆ ಬೇಯಿಸುವ ಹೊರಗಿನ ಒಲೆ ಮಾತ್ರ ಇನ್ನೂ ಎಲ್ಲರದ್ದು. ಮಾವಂದಿರು ಜಗಳದವರಲ್ಲ. ಅತ್ತೆಯಂದಿರೂ ಅಲ್ಲ. ಆದರೆ ಅತಿಥಿ ಯಾರ ಮನೆಯಲ್ಲಿ ಉಂಡ, ಯಾರ ಮನೆಯಲ್ಲಿ ಬರೀ ಚಹಾ ಕುಡಿದ ಎಂಬುದು ಆ ಅಂಗಳದಲ್ಲಿ ಆರು ತಿಂಗಳು ಮಾತಿಗೆ ಬರುತ್ತದೆ. ಅಮ್ಮನಿಗೆ ಅದೇ ಚಿಂತೆ. ಒಬ್ಬ ನಾದಿನಿಗೆ ಬೇಜಾರಾದರೂ ತನಗೆ ತವರಿಗೆ ಹೋಗಲು ಮುಖ ಇರುವುದಿಲ್ಲ ಎಂದು ಪ್ರತಿ ಸಲ ಕಾರಿನ ಕಿಟಕಿಗೆ ಬಂದು ಹೇಳಿ ನಮ್ಮನ್ನು ಕಳುಹಿಸುತ್ತಾಳೆ. ಮೊಣಕಾಲು ನೋವಿನಿಂದ ಅವಳು ಹೆಚ್ಚಾಗಿ ಬರುವುದಿಲ್ಲ. ಮಾನ ಉಳಿಸುವ ಕೆಲಸ ನನ್ನದು, ನನ್ನ ಹೆಂಡತಿಯದ್ದು ಮತ್ತು ಇಬ್ಬರು ಮಕ್ಕಳದ್ದು. ಮಗಳು ಮೂರನೇ ಕ್ಲಾಸು, ಮಗ ಯುಕೆಜಿ.

ಯಾವ ಬಾಗಿಲು ಮೊದಲು

ಮೊದಲ ಸಮಸ್ಯೆ ಕಾರಿನಿಂದ ಇಳಿಯುವುದರಲ್ಲೇ ಇದೆ. ಮೂರೂ ಬಾಗಿಲಿನಲ್ಲಿ ಮೂವರು ಅತ್ತೆಯಂದಿರು ನಿಂತಿರುತ್ತಾರೆ, ಮೂವರ ಕೈಯಲ್ಲೂ ಬೆಲ್ಲದ ತಟ್ಟೆ, ನೀರಿನ ಚೊಂಬು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ಮೊದಲು ಯಾರ ಬೆಲ್ಲ ತಿಂದೆವೋ ಅವರಲ್ಲಿಗೇ ನಾವು ಬಂದದ್ದು ಎಂದಾಗುತ್ತದೆ.

ನಾನು ಶಾಲೆಯಲ್ಲಿ ಗಣಿತ ಕಲಿಸುವವನು. ಒಮ್ಮೆ ತಲೆ ಉಪಯೋಗಿಸಿದೆ. ಕಾರಿನಿಂದ ಇಳಿದವನೇ ಯಾವ ಮನೆಯ ಕಡೆಗೂ ನೋಡದೆ, ಮಕ್ಕಳಿಗೆ ಕರು ನೋಡಬೇಕಂತೆ ಎಂದು ಹೇಳಿ ಸೀದಾ ಹಟ್ಟಿಗೆ ನಡೆದೆ. ಹಟ್ಟಿ ಎಲ್ಲರದ್ದಲ್ಲವೆ. ಯಾರಿಗೂ ಮಾತಿಲ್ಲ.

ಎರಡು ನಿಮಿಷದಲ್ಲಿ ಮೂವರು ಅತ್ತೆಯಂದಿರೂ ಬೆಲ್ಲ ನೀರಿನ ಸಮೇತ ಹಟ್ಟಿಗೆ ಬಂದರು. ಮೂರು ತಟ್ಟೆ ಒಟ್ಟಿಗೆ ನನ್ನ ಮುಂದೆ. ಯಾವುದಕ್ಕೆ ಕೈ ಹಾಕಲಿ ಎಂದು ನಾನು ಯೋಚಿಸುತ್ತಿರುವಾಗ ಹಿಂದಿನಿಂದ ಕಪ್ಪು ದನ ಕುತ್ತಿಗೆ ಉದ್ದ ಮಾಡಿ ಮೂರೂ ತಟ್ಟೆಯನ್ನು ಸಾಲಾಗಿ ನೆಕ್ಕಿ ಮುಗಿಸಿತು. ಯಾರಿಗೂ ಬೇಜಾರಾಗಲಿಲ್ಲ. ಆ ಅಂಗಳಕ್ಕೆ ಬಂದವರಲ್ಲಿ ಮೂರು ಮನೆಯವರನ್ನೂ ಮೆಚ್ಚಿಸಿದ್ದು ಇದುವರೆಗೆ ಆ ದನ ಒಂದೇ.

ಇನ್ನೂ ಎರಡು ಮನೆ ಉಂಟು

ಊಟದ್ದು ಇದಕ್ಕಿಂತ ಕಷ್ಟ. ನಮ್ಮದು ಜೈನರ ಮನೆ, ಅಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಹಾಗಾಗಿ ಮೂರು ಮನೆಯ ಊಟವೂ ಬೆಳಕಿನಲ್ಲೇ ಮುಗಿಯಬೇಕು. ಒಂದು ಸಲ ನಾನು ವೇಳಾಪಟ್ಟಿ ಹಾಕಿದೆ. ಹನ್ನೊಂದಕ್ಕೆ ದೊಡ್ಡತ್ತೆಯಲ್ಲಿ, ಒಂದೂವರೆಗೆ ನಡುವಿನ ಅತ್ತೆಯಲ್ಲಿ, ಐದಕ್ಕೆ ಸಣ್ಣತ್ತೆಯಲ್ಲಿ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಉಣ್ಣುವುದು. ಸ್ವಲ್ಪ ಅಂದರೆ ಎಷ್ಟು ಎಂದು ಮಕ್ಕಳಿಗೆ ಹೆಂಡತಿ ಕಾರಿನಲ್ಲೇ ಪಾಠ ಮಾಡಿದ್ದಳು.

ದೊಡ್ಡತ್ತೆ ಎರಡನೇ ಸಲ ಪಾಯಸ ಬಡಿಸಲು ಬಂದಾಗ ಮಗ ಎರಡೂ ಕೈ ಎಲೆಯ ಮೇಲೆ ಅಡ್ಡ ಇಟ್ಟ. ಅಷ್ಟು ಪ್ರೀತಿಯ ಪಾಯಸ, ಯಾಕೆ ಮಗಾ ಬೇಡ, ಚೆನ್ನಾಗಿಲ್ಲವಾ ಎಂದು ಅತ್ತೆ ಕೇಳಿದರು.

"ಚೆನ್ನಾಗಿ ಉಂಟು ದೊಡ್ಡಜ್ಜಿ. ಆದರೆ ಇಲ್ಲಿ ಹೊಟ್ಟೆ ತುಂಬ ತಿನ್ನಬಾರದು ಅಂತ ಅಮ್ಮ ಹೇಳಿದ್ದಾರೆ. ಇನ್ನೂ ಎರಡು ಮನೆ ಉಂಟು."

ಹೆಂಡತಿ ಎಲೆಯಿಂದ ತಲೆ ಎತ್ತಲಿಲ್ಲ. ನಾನು ಅನ್ನದಲ್ಲಿ ಕಲ್ಲು ಹುಡುಕುವವನ ಹಾಗೆ ಕೂತೆ. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ದೊಡ್ಡತ್ತೆ ಮೂಡಬಿದ್ರೆಗೆ ಫೋನು ಮಾಡಿಯಾಗಿತ್ತು. ಅಮ್ಮ ಏನೇನೋ ಸಮಾಧಾನ ಹೇಳಿದಳಂತೆ. ಅತ್ತೆ ಕೊನೆಗೆ ಹೇಳಿದ್ದು ಇಷ್ಟು: "ಇರಲಿ ಅತ್ತಿಗೆ, ನಿಮ್ಮ ಮೊಮ್ಮಗ ಆದರೂ ಸತ್ಯ ಹೇಳ್ತಾನೆ."

ಹಲಸಿನ ಹಣ್ಣಿನ ಪ್ರಯಾಣ

ಹೋದ ಬೇಸಗೆಯಲ್ಲಿ ಹೊರಡುವ ಹೊತ್ತಿಗೆ ದೊಡ್ಡತ್ತೆ ಒಂದು ಹಲಸಿನ ಹಣ್ಣು ತಂದು ಡಿಕ್ಕಿಯಲ್ಲಿ ಇಟ್ಟರು. ಅದನ್ನು ಕಂಡು ನಡುವಿನ ಅತ್ತೆ ಅದಕ್ಕಿಂತ ದೊಡ್ಡದು ತಂದರು. ಸಣ್ಣತ್ತೆ ಗೋಣಿಯಲ್ಲಿ ಹಾಕಿ ನೀಲಿ ನೂಲಿನಿಂದ ಬಾಯಿ ಹೊಲಿದು ತಂದದ್ದನ್ನು ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಕೂರಿಸಬೇಕಾಯಿತು. ಮಗಳು ಅದಕ್ಕೂ ಸೀಟ್ ಬೆಲ್ಟ್ ಹಾಕಿದಳು.

ಮೂಡಬಿದ್ರೆಯಲ್ಲಿ ಆಗ ಯಾರ ಮನೆಯ ಜಗಲಿ ನೋಡಿದರೂ ಹಲಸು. ಕೊಟ್ಟರೆ ತೆಗೆದುಕೊಳ್ಳುವವರಿಲ್ಲ. ದಾರಿಯಲ್ಲಿ ವೇಣೂರಿನಲ್ಲಿ ಮಕ್ಕಳಿಗೆ ಶರಬತ್ತು ಕುಡಿಸಿದ ಅಂಗಡಿಯವರಿಗೆ ಗೋಣಿ ಸಮೇತ ಆ ಹಣ್ಣನ್ನು ದಾಟಿಸಿದೆ. ಅವರು ಬೇಡ ಬೇಡ ಅಂದರು. ಒತ್ತಾಯ ಮಾಡಿ ಕೊಟ್ಟು ಗಾಡಿ ಬಿಟ್ಟೆ. ಭಾರ ಇಳಿದ ಹಾಗಾಯಿತು.

ಅವರಿಗೂ ಹಲಸು ಸಾಕಾಗಿತ್ತು ಪಾಪ. ಮರುದಿನ ಅವರು ಅಳದಂಗಡಿ ಕಡೆಗೆ ಹೋಗುವಾಗ ದಾರಿಯಲ್ಲಿ ಪರಿಚಯದವರ ಮನೆ ಹೊಕ್ಕು, ಬರೀ ಕೈಯಲ್ಲಿ ಹೋಗುವುದು ಹೇಗೆಂದು ಅದನ್ನೇ ಕೊಟ್ಟಿದ್ದಾರೆ. ಆ ಪರಿಚಯದವರು ನಮ್ಮ ಸಣ್ಣತ್ತೆ. ಸಂಜೆ ಅತ್ತೆ ನನಗೆ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ನೀಲಿ ನೂಲಿನ ಗೋಣಿ, ಅವರದೇ ಜಗಲಿ. ಕೆಳಗೆ ಬರೆದಿದ್ದರು: "ಹಣ್ಣು ಸುಖವಾಗಿ ಬಂದು ಮುಟ್ಟಿದೆ."

ಎಲ್ಲಿಯೂ ಬೇಡ

ಇಷ್ಟೆಲ್ಲ ಆದ ಮೇಲೆ ಮೊನ್ನೆ ಅಮ್ಮನೇ ಹೊರಟಳು. ಒಂದು ವರ್ಷದ ನಂತರ ತವರಿಗೆ. ನಾಲ್ಕು ದಿನ ಮೊದಲೇ ಸೀರೆ ತೆಗೆದಿಟ್ಟಿದ್ದಳು. ಅಮ್ಮ ಬಂದರೆ ಕ್ರಮವೇ ಬೇರೆ. ಅವಳು ಯಾವ ಮನೆಯಲ್ಲಿ ಉಣ್ಣುತ್ತಾಳೋ ಅಲ್ಲಿಯೇ ತಮ್ಮಂದಿರು ಮೂವರೂ ಸಂಸಾರ ಸಮೇತ ಉಣ್ಣುವುದು. ಉಳಿದ ಎರಡು ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ಹಾಗಾಗಿ ಯಾವ ಮನೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ಸಲ ಯಾರನ್ನೂ ನೋಯಿಸಬೇಡ ಮಗಾ, ಮುಂದಿನ ವರ್ಷ ನನ್ನ ಕಾಲು ಹೇಗಿರುತ್ತದೋ ಎಂದು ಅಮ್ಮ ಹೇಳಿದಳು.

ರಾತ್ರಿ ಕೂತು ಲೆಕ್ಕ ಹಾಕಿದೆ. ಮೂರು ಮನೆಯಲ್ಲಿ ಉಂಡರೆ ಸಮ. ಒಂದರಲ್ಲಿಯೂ ಉಣ್ಣದಿದ್ದರೆ ಅದೂ ಸಮವೇ. ಮೂವರು ಅತ್ತೆಯಂದಿರಿಗೂ ಬೇರೆ ಬೇರೆಯಾಗಿ ಫೋನು ಮಾಡಿದೆ. ಈ ಸಲ ನೀವು ಕಷ್ಟಪಡಬೇಡಿ, ಊಟಕ್ಕೆ ಬೇರೆ ವ್ಯವಸ್ಥೆ ಆಗಿದೆ ಎಂದೆ. ಮೂವರೂ ಆಗಲಿ ಎಂದರು. ಎಷ್ಟು ಸುಲಭ ಎಂದು ನನಗೆ ಖುಷಿಯಾಯಿತು.

ವ್ಯವಸ್ಥೆ ಎಂದರೆ ಹೆಂಡತಿ ಮಾಡಿದ ಚಿತ್ರಾನ್ನದ ಬುತ್ತಿ. ದಾರಿಯಲ್ಲಿ ನೆರಳು ಕಂಡಲ್ಲಿ ನಿಲ್ಲಿಸಿ ಉಂಡು ಹೋಗುವುದೆಂದು ಮಾತಾಗಿತ್ತು. ವೇಣೂರು ದಾಟಿ ಒಂದು ಮಾವಿನ ಮರದ ಕೆಳಗೆ ನಿಲ್ಲಿಸಿದಾಗ ಗೊತ್ತಾಯಿತು, ಅವಳು ತಂದಿದ್ದಾಳೆ ಎಂದು ನಾನು, ನಾನು ಇಟ್ಟಿದ್ದೇನೆ ಎಂದು ಅವಳು. ಬುತ್ತಿ ಮನೆಯಲ್ಲೇ ಇತ್ತು. ಅಮ್ಮ ಹೋಟೆಲಿನಲ್ಲಿ ನೀರು ಕೂಡ ಮುಟ್ಟುವವಳಲ್ಲ. ಹೋಗಲಿ, ಮೂರು ಅಡುಗೆಮನೆ ಇರುವ ಕಡೆ ಹೋಗುತ್ತಿದ್ದೇವೆ, ಉಪವಾಸ ಬೀಳುತ್ತೇವಾ ಎಂದು ಗಾಡಿ ಬಿಟ್ಟೆ.

ಹನ್ನೆರಡೂವರೆಗೆ ತಲುಪಿದೆವು. ಮಾತುಕತೆ ಆಯಿತು. ಒಂದು ಗಂಟೆ ಆಯಿತು. ಯಾವ ಮನೆಯಿಂದಲೂ ಒಗ್ಗರಣೆಯ ವಾಸನೆ ಬರಲಿಲ್ಲ. ಒಂದೂವರೆಗೆ ನೋಡಿದರೆ ಮೂರು ಜಗಲಿಯಲ್ಲಿ ಮೂವರು ಮಾವಂದಿರು ಕೈಕಾಲು ತೊಳೆದು, ಶಾಲು ಹೆಗಲಿಗೆ ಹಾಕಿ, ಇನ್ನೊಂದು ಮನೆಯಿಂದ ಊಟಕ್ಕೆ ಕರೆಯುವುದನ್ನು ಕಾಯುತ್ತ ಕೂತಿದ್ದಾರೆ. ದೊಡ್ಡ ಮಾವ ನಡು ಮನೆಯ ಕಡೆ ನೋಡುತ್ತಾರೆ, ನಡುವಿನವರು ಸಣ್ಣ ಮನೆಯ ಕಡೆ, ಸಣ್ಣವರು ದೊಡ್ಡ ಮನೆಯ ಕಡೆ. ನನಗೆ ಆಗ ಅರ್ಥವಾಯಿತು. ಪ್ರತಿಯೊಬ್ಬ ಅತ್ತೆಯೂ ಊಟ ಇನ್ನೊಬ್ಬರಲ್ಲಿ ಎಂದು ತಿಳಿದು, ನೋವು ನುಂಗಿಕೊಂಡು, ಒಲೆ ಹಚ್ಚದೆ ಕೂತಿದ್ದರು.

ನಾನು ಬಾವಿಯ ಕಡೆ ಹೋಗಿ ನೀರು ಸೇದತೊಡಗಿದೆ. ಕೊನೆಗೆ ಮಗಳು ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ವಿಷಯ ಬಿಡಿಸಿ ಹೇಳಿದಳು. ಅಪ್ಪ ಮೂರು ಜನರಿಗೂ ಬೇಡ ಎಂದಿದ್ದಾರೆ, ಬುತ್ತಿ ಮನೆಯಲ್ಲಿ ಉಂಟು, ತಮ್ಮನಿಗೆ ಹಸಿವಾಗಿದೆ, ತನಗೂ ಆಗಿದೆ.

ಮೂವರು ಅತ್ತೆಯಂದಿರೂ ಒಟ್ಟಿಗೆ ಒಳಗೆ ಓಡಿದರು, ಒಟ್ಟಿಗೆ ಹೊರಗೆ ಬಂದರು. ಈಗ ಮೊದಲು ಯಾರ ಒಲೆ ಹಚ್ಚುವುದು ಎಂದು ಶುರುವಾಯಿತು. ಅಮ್ಮ ಅಷ್ಟು ಹೊತ್ತು ಕೂತಲ್ಲಿಂದ ಏಳದವಳು ಗೋಡೆ ಹಿಡಿದು ಎದ್ದಳು. ಮೂರು ಮನೆಯಿಂದಲೂ ಒಂದೊಂದು ಪಾವು ಕುಚ್ಚಲಕ್ಕಿ ತರಿಸಿದಳು. ಹೊರಗಿನ ಒಲೆಗೆ ತಾನೇ ಸೌದೆ ಒಟ್ಟಿ, ಹೊಸ ಪಾತ್ರೆ ಇಡಿಸಿ, ಗಂಜಿಗೆ ನೀರಿಟ್ಟಳು. ತವರಿಗೆ ಬಂದ ಮನೆಮಗಳು ಎಲ್ಲರಿಗೂ ಗಂಜಿ ಬೇಯಿಸಿ ಹಾಕಿದಳು. ಮೂರು ಗಂಟೆಗೆ ಅಂಗಳದಲ್ಲಿ ಸಾಲಾಗಿ ಕೂತು ಗಂಜಿ, ಚಟ್ನಿ, ಮಿಡಿ ಉಪ್ಪಿನಕಾಯಿ ಉಂಡೆವು. ಮಾವಂದಿರು ಮೂರು ಮೂರು ಸಲ ಬಡಿಸಿಕೊಂಡರು. ಅಕ್ಕನ ಕೈಯ ಗಂಜಿ ತಿನ್ನದೆ ನಲುವತ್ತು ವರ್ಷ ಆಯಿತು ಎಂದು ದೊಡ್ಡ ಮಾವ ಹೇಳಿದಾಗ ನಾನೂ ಇನ್ನೊಂದು ಸೌಟು ಹಾಕಿಸಿಕೊಂಡೆ. ಎಲ್ಲ ಸರಿಹೋಯಿತೆಂದು ನಾನು ತಿಳಿದುಕೊಂಡೆ.

ಹೊರಡುವಾಗ ದೊಡ್ಡತ್ತೆ ಕಾರಿನ ಕಿಟಕಿಗೆ ಬಗ್ಗಿದರು.

"ಅತ್ತಿಗೆ, ಗಂಜಿಯನ್ನು ಊಟ ಅಂತ ಹೇಳ್ಲಿಕ್ಕಿಲ್ಲ. ನೀವು ಇವತ್ತು ನಮ್ಮಲ್ಲಿ ಉಣ್ಣಲಿಲ್ಲ."

"ನಮ್ಮಲ್ಲಿಯೂ ಇಲ್ಲ" ಎಂದರು ನಡುವಿನ ಅತ್ತೆ.

"ನಮ್ಮಲ್ಲಿಯೂ ಇಲ್ಲ" ಎಂದರು ಸಣ್ಣತ್ತೆ.

ಪಾಲಾದ ಮೇಲೆ ಮೂವರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ನಗು ಇರಲಿಲ್ಲ ಮುಖದಲ್ಲಿ. ನಾನು ತಪ್ಪಾಯಿತೆಂದು ಏನೋ ತೊದಲಿ ಗಾಡಿ ಬಿಟ್ಟೆ. ಗೇಟು ದಾಟುವವರೆಗೆ ಅಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ಒಂದು ವರ್ಷ ಕಾದ ತವರು, ನನ್ನಿಂದ ಹೀಗಾಯಿತಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಮ್ಮ ಸೀಟಿಗೆ ಒರಗಿ ಕಾಲು ನೀಡಿ ಹಾಯಾಗಿ ಕೂತಿದ್ದಳು.

"ಈ ಸಲ ಒಳ್ಳೆದಾಯ್ತು ಮಗಾ" ಎಂದಳು. "ಮೂರೂ ಮನೆಯವರಿಗೂ ಸಮ ಬೇಜಾರಾಗಿದೆ."