ಬಾಗಿಲವರೆಗೆ ನಡೆಯುವ ವಿದ್ಯೆ

ಧೈರ್ಯ ಇರುವುದು ಮನುಷ್ಯರಲ್ಲಲ್ಲ, ಜಾಗದಲ್ಲಿ ಎಂದು ನನಗೆ ಇತ್ತೀಚೆಗೆ ಅನ್ನಿಸತೊಡಗಿದೆ. ಕೋಠಿಯ ಹಳೇ ಪುಸ್ತಕದಂಗಡಿಗಳಲ್ಲಿ ನನ್ನನ್ನು ದೂರದಿಂದ ಕಂಡರೇ ಅಂಗಡಿಯವರು ಒಂದು ಗುಟುಕು ನೀರು ಕುಡಿದು ಚೌಕಾಸಿಗೆ ತಯಾರಾಗುತ್ತಾರೆ. ಅದೇ ನಾನು, ಶಂಶಾಬಾದ್ ಆಚೆಯ ಖಾಸಗಿ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋಗುವಾಗ, ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತೇನೆ. ದರಿದ್ರದ್ದು, ಒಂದು ದಿನವೂ ಕೆಟ್ಟಿಲ್ಲ.

ನನ್ನ ಕೆಲಸ ಕಂಪ್ಯೂಟರ್ ಸೈನ್ಸಿನ ಚರ್ಚಾ ತರಗತಿ ನಡೆಸುವುದು. ದೊಡ್ಡ ಪ್ರೊಫೆಸರು ದೊಡ್ಡ ಹಾಲಿನಲ್ಲಿ ಪಾಠ ಹೇಳಿ ಹೋದ ಮೇಲೆ, ಅದೇ ಮಕ್ಕಳನ್ನು ಸಣ್ಣ ಗುಂಪು ಮಾಡಿ ಕೂಡಿಸಿ, ಅವರ ಬಾಯಿಂದ ಮಾತು ಹೊರಡಿಸಬೇಕು. ಹೇಳುವುದು ಸುಲಭ, ಹೇಳಿಸುವುದು ಕಷ್ಟ. "ಡೌಟ್ ಐತೇನ್ರಪ್ಪಾ?" ಎಂಬುದನ್ನು ತೆಲುಗು, ಹಿಂದಿ, ಇಂಗ್ಲಿಷು ಮೂರರಲ್ಲೂ ಕೇಳಿದ್ದಾಯಿತು. ಅವರು ನನ್ನನ್ನು ನೋಡುತ್ತಾರೆ, ಕಣ್ಣು ಸಹ ಮಿಟುಕಿಸುವುದಿಲ್ಲ. ಕಲಬುರಗಿಯಿಂದ ಮದುವೆಯಾಗಿ ಈ ತೆಲುಗು ಊರಿಗೆ ಬಂದು, ಕೋಠಿಯಲ್ಲಿ ಚೌಕಾಸಿ ಮಾಡಿ ತಂದ ಪುಸ್ತಕ ಓದಿಯೇ ಎಂ.ಸಿ.ಎ. ಮುಗಿಸಿದವಳು ನಾನು. ಆ ಪುಸ್ತಕಗಳಲ್ಲಿ ಕೆಲವಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಇವರು ಕೇಳುವ ಪ್ರಶ್ನೆ ಆ ಹಾಳೆಗಳಲ್ಲೇ ಇದ್ದರೆ? ಕೇಳದಿದ್ದರೂ ಭಯ, ಕೇಳಿದರೂ ಭಯ.

ಪಕ್ಕದ ಕೋಣೆಯಲ್ಲಿ ಇದೇ ಕೆಲಸ ಮಾಡುವ ಮೈಸೂರಿನ ಹುಡುಗ ಶ್ರೀನಿಧಿಗೆ ಇಂಥ ಕಷ್ಟವೇ ಇಲ್ಲ. "ಅಕ್ಕಾ, ಉತ್ತರಾನೆಲ್ಲ ಬೋರ್ಡ್ ತುಂಬ ಬರೆದ್ಬಿಡಿ. ಅವರು ಫೋಟೋ ಹೊಡ್ಕೊಂಡು ಹೋಗ್ತಾರೆ. ಎಲ್ಲರಿಗೂ ನೆಮ್ಮದಿ" ಎಂದ.

"ಹಂಗಾದ್ರ ಅದು ಚರ್ಚಾ ಹೆಂಗಾತೋ? ಫೋಟೋ ಸ್ಟುಡಿಯೋ ಆತು."

"ಸರಿ, ಗುಂಪು ಮಾಡಿ ಬಿಡಿ. ಅವರವರೇ ಮಾತಾಡ್ಕೋತಾರೆ."

ಗುಂಪು ಮಾಡಿದೆ. ಅವರವರೇ ಮಾತಾಡಿಕೊಂಡರು, ಕ್ರಿಕೆಟ್ಟಿನ ಬಗ್ಗೆ. ನಾನು ಹತ್ತಿರ ಹೋದರೆ ಮತ್ತೆ ಮೌನ.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ಮೇಡಮ್ ಈ ವಾರ ನನ್ನ ತರಗತಿಗೆ ಬಂದು ಹಿಂದೆ ಕೂತು ನೋಡುತ್ತಾರೆಂದೂ, ಅದರ ಮೇಲೆಯೇ ಮುಂದಿನ ವರ್ಷದ ಗುತ್ತಿಗೆ ನಿಂತಿದೆಯೆಂದೂ ಸುದ್ದಿ ಬಂತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಕೊನೆಗೆ, ಗೊತ್ತಿರುವ ವಿದ್ಯೆಯನ್ನೇ ಪ್ರಯೋಗಿಸೋಣ ಎಂದು ನಿರ್ಧರಿಸಿದೆ.

ಆ ವಿದ್ಯೆಯನ್ನು ನಿಮಗೂ ಪುಕ್ಕಟೆ ಹೇಳಿಕೊಡುತ್ತೇನೆ. ಅಂಗಡಿಯವನು ದರ ಇಳಿಸದಿದ್ದರೆ ವಾದಿಸಬೇಡಿ. ವಸ್ತುವನ್ನು ಮೆಲ್ಲಗೆ ಕೆಳಗಿಡಿ, ಬೆನ್ನು ತಿರುಗಿಸಿ, ಬಾಗಿಲ ಕಡೆ ನಡೆಯಿರಿ. ಹೊಸ್ತಿಲು ದಾಟುವ ಮೊದಲೇ "ಅಮ್ಮಾ, ರಂಡಿ ರಂಡಿ" ಎಂದು, ಅಂದರೆ ತೆಲುಗಿನಲ್ಲಿ ಬನ್ನಿ ಬನ್ನಿ ಎಂದು, ಅವನೇ ವಾಪಸು ಕರೆಯುತ್ತಾನೆ. ನಮ್ಮ ಮನೆಯವರು ಮಾತ್ರ ಪ್ರತಿ ಸಲವೂ ನನ್ನ ಹಿಂದೆ ಹೆಜ್ಜೆ ಹಾಕುತ್ತ "ಅವಾ ಕರೀಲಿಲ್ಲಂದ್ರ ಏನ್ ಮಾಡ್ತಿ?" ಎಂದು ಪಿಸುಗುಡುತ್ತಾರೆ. "ಕರೀತಾನ, ಸುಮ್ನ ನಡೀರಿ. ಹಿಂದ ಹೊಳ್ಳಿ ನೋಡಬ್ಯಾಡ್ರಿ" ಎನ್ನುತ್ತೇನೆ.

ಮರುದಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ಏರಿಕೆಯ ಕ್ರಮದಲ್ಲಿ ಜೋಡಿಸಿಟ್ಟ ಸಂಖ್ಯೆಗಳ ಸಾಲಿನಲ್ಲಿ ಒಂದನ್ನು ಬೇಗ ಹುಡುಕುವುದು ಹೇಗೆ? ಮೌನ. ಮಾರ್ಕರನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಚೀಲ ಹೆಗಲಿಗೇರಿಸಿದೆ. ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದೆ. ಯಾರೂ ಕರೆಯಲಿಲ್ಲ. ಹೊಸ್ತಿಲು ಬಂತು. ಕರೆಯಲಿಲ್ಲ. ದಾಟಿದೆ. ಹಿಂದಿನಿಂದ ಕೇಳಿಸಿದ್ದು ಬ್ಯಾಗುಗಳ ಜಿಪ್ಪು ಎಳೆಯುವ ಸದ್ದು ಮಾತ್ರ. ಕ್ಲಾಸು ಬಿಟ್ಟಿತೆಂದು ಮಕ್ಕಳು ಎದ್ದಿದ್ದರು. ಎದುರಿಗೆ ವರಾಂಡದಲ್ಲಿ, ಕೈಯಲ್ಲಿ ಪೆನ್ನು ಹಿಡಿದು, ಮುಖ್ಯಸ್ಥೆ ಮೇಡಮ್ ಬರುತ್ತಿದ್ದರು.

"ಏನಮ್ಮಾ, ಆಗಲೇ ಮುಗಿಯಿತೇ?"

"ಇಲ್ಲ ಮೇಡಮ್, ಈಗ ಶುರು" ಎಂದೆ. ಅದು ನನ್ನ ದನಿಯಂತೆ ಕೇಳಿಸಲಿಲ್ಲ.

ಅವರನ್ನು ಹಿಂದಿಟ್ಟುಕೊಂಡು ಒಳಗೆ ಬಂದಾಗ ಎದ್ದಿದ್ದ ಮಕ್ಕಳು ಮತ್ತೆ ಕೂತರು. ನನ್ನ ತಲೆ ಪೂರ್ತಿ ಖಾಲಿ. ಹೆಗಲ ಮೇಲಿದ್ದದ್ದು ಚೀಲವೊಂದೇ. ಅದನ್ನೇ ತೆಗೆದು ಮೇಜಿನ ಮೇಲೆ ಕುಕ್ಕಿ, "ಇದನ್ನ ಕೋಠಿಯಲ್ಲಿ ತಗೊಂಡೆ. ಸಾವಿರದೊಳಗೆ. ಎಷ್ಟಕ್ಕೆ, ಹೇಳಿ. ಹೆಚ್ಚು, ಕಡಿಮೆ ಅಂತ ಮಾತ್ರ ನಾನು ಹೇಳ್ತೀನಿ" ಎಂದುಬಿಟ್ಟೆ.

ಎಂಥ ಗದ್ದಲ ಅಂತೀರಿ! ವರ್ಷವಿಡೀ ತುಟಿ ಬಿಚ್ಚದವರು ಬೆಂಚಿನ ಮೇಲೆ ಮೊಣಕಾಲೂರಿ ಕೂಗಿದರು. ಒಬ್ಬ ಒಂಬೈನೂರು ಎಂದ, ಇನ್ನೊಬ್ಬ ಎಂಟುನೂರ ತೊಂಬತ್ತು ಎಂದ. ಆಗ ಕೊನೆಯ ಬೆಂಚಿನ ಸಾಹಿತಿ ಎಂಬ ಹುಡುಗಿ ಸಿಟ್ಟಿನಿಂದ ಎದ್ದು, "ಒರೇಯ್, ಹೀಗೆ ಕೇಳಿದರೆ ಸಾಯಂಕಾಲ ಆಗುತ್ತೆ! ಮೊದಲು ಐನೂರು ಅನ್ನಬೇಕು. ಅರ್ಧ ಅಂಗಡಿ ಅಲ್ಲೇ ಖಾಲಿ. ಆಮೇಲೆ ಉಳಿದದ್ದರಲ್ಲಿ ಅರ್ಧ" ಎಂದು ತೆಲುಗಿನಲ್ಲಿ ಗದರಿ, ನಾನು ಕೊಟ್ಟ ದರಕ್ಕೇ ಬಂದು ನಿಂತಳು. ನಾನು ಮೊದಲು ಕೇಳಿದ್ದ ಪಾಠದ ಪ್ರಶ್ನೆಗೆ ಉತ್ತರವೂ ಅದೇ ಆಗಿತ್ತು. ಮೇಡಮ್ ಬರೆದುಕೊಳ್ಳುತ್ತಿದ್ದರು. ಶ್ರೀನಿಧಿ ಗದ್ದಲ ಕೇಳಿ, ಜಗಳವೇನೋ ಎಂದು ಕಿಟಕಿಯಲ್ಲಿ ಇಣುಕಿದ.

ವಾರದ ನಂತರ ಮೇಡಮ್ ತಮ್ಮ ಕೋಣೆಗೆ ಕರೆಸಿದರು. "ತುಂಬಾ ಚೆನ್ನಾಗಿತ್ತು. ಮುಂದಿನ ವರ್ಷವೂ ನೀವೇ ಇರಿ. ಸಂಬಳ ಮಾತ್ರ ಈಗಿನಷ್ಟೇ." ಅಷ್ಟು ಹೇಳಿ ಗುತ್ತಿಗೆಯ ಪತ್ರವನ್ನು ನನ್ನ ಕೈಗಿತ್ತರು.

ಇದು ನನ್ನ ಅಖಾಡ ಎಂದುಕೊಂಡೆ. ಪತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ, ಬಾಗಿಲ ಕಡೆ ನಡೆದೆ. ಹಿಂದೆ ಸದ್ದಿಲ್ಲ. ಬಾಗಿಲ ಹಿಡಿಗೆ ಕೈ ತಾಗಿತು. ತಣ್ಣಗಿತ್ತು. ಆಗ ಕಿವಿಯಲ್ಲಿ ಕೇಳಿಸಿತು, ಈ ಸಲ ನಮ್ಮ ಮನೆಯವರ ದನಿಯಲ್ಲಲ್ಲ, ನನ್ನದೇ ದನಿಯಲ್ಲಿ: ಕರೀಲಿಲ್ಲಂದ್ರ?

ಗಕ್ಕನೆ ತಿರುಗಿದೆ. "ನನ್ನ ಚೀಲ ಇಲ್ಲೇ ಮರೆತೆ ಮೇಡಮ್."

ಅವರು ನನ್ನ ಹೆಗಲನ್ನು ನೋಡಿದರು. ಚೀಲ ಅಲ್ಲೇ ತೂಗುತ್ತಿತ್ತು. ಅದರ ಬೆಲೆಯೂ ಅವರಿಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ನಾನು ಸಹಿ ಹಾಕಿದೆ.

ಆದ್ದರಿಂದ ನನ್ನ ಸಲಹೆಯಲ್ಲಿ ಒಂದು ಸಣ್ಣ ತಿದ್ದುಪಡಿ. ಬಾಗಿಲವರೆಗೆ ಧಾರಾಳವಾಗಿ ನಡೆಯಿರಿ. ಆದರೆ ಹೊರಡುವ ಮೊದಲು ಮೇಜಿನ ಮೇಲೆ ಏನನ್ನಾದರೂ ನಿಜವಾಗಿಯೂ ಬಿಟ್ಟು ಹೊರಡಿ.