ಬಾಡಿಗೆ ಮನೆಯ ಒಕ್ಕಲು

ನಮ್ಮ ದೊಡ್ಡಮ್ಮ ಬಂದದ್ದೇ ನಮ್ಮ ಮನೆಯ ಖರ್ಚು ಉಳಿಸಲು. ಅವಳು ಉಳಿಸಿದ ಖರ್ಚನ್ನು ತೀರಿಸಲು ನಾವು ಈಗಲೂ ದುಡಿಯುತ್ತಿದ್ದೇವೆ!

ಹೀಗೆ ಬರೆದ ಕೂಡಲೇ ನನಗೆ ಅನುಮಾನ. ಇದು ಪೂರ್ತಿ ನಿಜವೇ? ಮುಂದೆ ಬರೆಯುವುದರಲ್ಲೂ ಒಂದೆರಡು ವಿವರ ತಪ್ಪಿರಬಹುದು. ನಾನು ದಿನಚರಿ ಬರೆಯುವವಳು ಹೌದು. ಆದರೆ ಆ ವರ್ಷಗಳ ದಿನಚರಿಯನ್ನು ತೆರೆದರೆ "ಇವತ್ತು ಬರೆಯಲು ಮನಸ್ಸಿಲ್ಲ" ಎಂಬುದೇ ಪುಟಗಟ್ಟಲೆ ಇದೆ. ಇದ್ದದ್ದೆಲ್ಲ ಸಾಲ, ಅದರ ಬಗ್ಗೆ ಬರೆದದ್ದು ಒಂದು ಸಾಲೂ ಇಲ್ಲ. ಹಾಗಾಗಿ ಬೋಂಡಾದ ಬೆಲೆ, ಗಡಿಯಾರಗಳ ಸಂಖ್ಯೆ ಇಂಥವುಗಳಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು. ಬೋಂಡಾವನ್ನಂತೂ ದೊಡ್ಡಮ್ಮ ಆಗಲೇ ಹಾಕಿಕೊಂಡಿದ್ದಾಳೆ.

ದೊಡ್ಡಮ್ಮ ಎಂದರೆ ನಮ್ಮ ಅವ್ವನ ಅಕ್ಕ. ಹಳ್ಳಿಮೈಸೂರಿನವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ಒಂದು ಹೊಲಿಗೆ ಮಿಷನ್ನನ್ನು ನಂಬಿ ಬದುಕಿದವಳು. ಅಪ್ಪ ತೀರಿಹೋದ ವರ್ಷ ಆ ಮಿಷನ್ನನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹಾಸನದ ನಮ್ಮ ಬಾಡಿಗೆ ಮನೆಗೆ ಬಂದಳು. ಅಪ್ಪ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಬಿಟ್ಟು ಹೋದದ್ದೂ ಮೂರೇ, ಮೂರು ಸಾಲ. ಅವ್ವ ಸೇರಿದ್ದ ಮಹಿಳಾ ಸಂಘದ್ದು ಒಂದು, ಪ್ರತಿ ಮಂಗಳವಾರ ಕಂತು. ದಿನಸಿ ಅಂಗಡಿಯ ಬಾಕಿ ಇನ್ನೊಂದು. ಮೂರನೆಯದು ಅವ್ವನ ಎರಡೆಳೆ ಸರ ಅಡವಿಟ್ಟು ತಂದದ್ದು. ಮನೆಯಲ್ಲಿ ಸಂಬಳಕ್ಕೆ ದುಡಿಯುವವಳು ನಾನೊಬ್ಬಳೇ: ಎಂ.ಎ. ಮಾಡಿದ ಅತಿಥಿ ಉಪನ್ಯಾಸಕಿ. ಅತಿಥಿಗೆ ಊಟ ಹಾಕುವ ಪದ್ಧತಿ ನಮ್ಮಲ್ಲಿದೆ. ಅತಿಥಿ ಉಪನ್ಯಾಸಕರಿಗೆ ತಿಂಗಳು ತಿಂಗಳು ಸಂಬಳ ಹಾಕುವ ಪದ್ಧತಿ ಇನ್ನೂ ಬಂದಿಲ್ಲ.

ಮೂರರಲ್ಲಿ ನನ್ನ ಎದೆ ಹಿಂಡುತ್ತಿದ್ದದ್ದು ಸರದ ಸಾಲ. ಸರ ಹೋದಮೇಲೆ ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಮನೆಗೆ ಯಾರಾದರೂ ಬಂದರೆ ಸೆರಗನ್ನು ಕತ್ತಿನವರೆಗೆ ಎಳೆದು ಪಿನ್ನು ಹಾಕುವಳು. ಕೇಳಿದವರಿಗೆ, "ಲಾಕರ್‌ನಲ್ಲಿ ಮಡಗಿವ್ನಿ, ಕಳ್ರ ಕಾಟ." ನಮ್ಮ ಮನೆಗೆ ಕಳ್ಳ ಬಂದರೆ ಅಯ್ಯೋ ಪಾಪ ಎಂದು ನೂರು ರೂಪಾಯಿ ಇಟ್ಟು ಹೋಗಬೇಕು, ಹಾಗಿತ್ತು ಸ್ಥಿತಿ! ಸರ ಹರಾಜಿಗೆ ಹೋದರೆ ಅವ್ವನಿಗೆ ಉಳಿದಿದ್ದ ಆ ಒಂದು ಸುಳ್ಳೂ ಹೋಗುತ್ತಿತ್ತು.

ದೊಡ್ಡಮ್ಮ ಬಂದವಳೇ ಹೇಳಿದಳು: "ಎಲ್ಲೆಲ್ಲಿ ಸೋರ್ತಾ ಐತೆ ತೋರ್ಸು ಮಗಾ, ಮುಚ್ಚಾಕ್ಬುಡ್ತೀನಿ."

ಮೊದಲು ಮುಚ್ಚಿದ್ದು ಕರೆಂಟು. ಸಂಜೆಯಾದರೆ ಮನೆಗೆಲ್ಲ ಒಂದೇ ಬಲ್ಬು. ಅದು ಇರುವಲ್ಲೇ ಎಲ್ಲರೂ. ನಾನು ಉತ್ತರಪತ್ರಿಕೆ ತಿದ್ದುವ ಬೆಳಕಿನಲ್ಲೇ ಅವ್ವ ಸೊಪ್ಪು ಬಿಡಿಸಬೇಕು, ದೊಡ್ಡಮ್ಮ ರವಿಕೆಗೆ ಹುಕ್ಕು ಹಾಕಬೇಕು. ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯ ಮೇಲೆ ದಂಟಿನ ಎಲೆ ಅಂಟಿಕೊಂಡು ಕಾಲೇಜಿಗೆ ಹೋಗಿತ್ತು. ಫ್ರಿಜ್ಜನ್ನು ಆರಿಸಿ ಅದರೊಳಗೆ ಬಟ್ಟೆ ಜೋಡಿಸಿದಳು. "ಬಾಗ್ಲು ಗಟ್ಟಿ ಐತೆ, ಇಲಿ ಓಗಲ್ಲ" ಎಂಬ ಸಮರ್ಥನೆ ಬೇರೆ. ಬಿಲ್ಲು ಎಷ್ಟು ಇಳಿಯಿತೆಂದರೆ ಮೀಟರ್ ಓದಲು ಬಂದವನು ಅದು ಕೆಟ್ಟಿರಬೇಕೆಂದು ಎರಡು ಸಲ ತಟ್ಟಿ ನೋಡಿದ.

ಆಮೇಲೆ ಬಂತು ನೋಡಿ, ಉಚಿತ ಕರೆಂಟು! ಹಿಂದಿನ ವರ್ಷ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೆ ಒಂದಿಷ್ಟು, ಪುಕ್ಕಟೆ. ಗೀಸರ್ ಆರಿಸುವುದನ್ನೇ ಮರೆಯುವ ಪಕ್ಕದ ಮನೆಯವರಿಗೆ ನೂರೈವತ್ತಕ್ಕೂ ಹೆಚ್ಚು ಯೂನಿಟ್ಟು ಸಿಕ್ಕಿತು. ನಮಗೆ ಸಿಕ್ಕಿದ್ದು ಅದರ ಕಾಲು ಭಾಗವೂ ಅಲ್ಲ.

"ಅಂಗಾರೆ ನಾವು ಉಳ್ಸಿದ್ದೇ ತಪ್ಪಾಯ್ತಾ?" ಎಂದಳು ದೊಡ್ಡಮ್ಮ.

"ತಪ್ಪಲ್ಲ ದೊಡ್ಡಮ್ಮ, ಇದಕ್ಕೆಲ್ಲ ಕಾರಣ ಸರಾಸರಿ."

"ಯಾವೋಳೇ ಅವ್ಳು?"

ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ ಎಂದು ನನ್ನ ನಂಬಿಕೆ, ಪಾಠ ಮಾಡುವವಳಲ್ಲವೇ? ಮರುದಿನದಿಂದ ನಾನು ಕಾಲೇಜಿಗೆ ಹೊರಟೊಡನೆ ದೊಡ್ಡಮ್ಮ ಮನೆಯ ಬಲ್ಬುಗಳನ್ನೆಲ್ಲ ಹಾಕಿ, ಬಟ್ಟೆ ತುಂಬಿದ ಫ್ರಿಜ್ಜನ್ನೂ ಹಾಕಿ, ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿಸುತ್ತ ಕೂತಳು. ಸರಾಸರಿಯನ್ನು ಮೇಲಕ್ಕೆತ್ತುವ ಸಾಹಸ ಅದು! ತಿಂಗಳ ಕೊನೆಗೆ ಬಿಲ್ಲು ಬಂತು. ನಾನು ತಲೆ ಹಿಡಿದುಕೊಂಡು, "ಅದು ಹಳೇ ವರ್ಷದ ಲೆಕ್ಕ ದೊಡ್ಡಮ್ಮ, ಈಗ ಹೆಚ್ಚಿಗೆ ಉರಿಸಿದ್ದಕ್ಕೆಲ್ಲ ನಾವೇ ಕಟ್ಟಬೇಕು" ಎಂದೆ.

"ಎಂಯ್ಯೆ ಓದಿದ್ದೀಯ, ಮೊದ್ಲೇ ಏಳಾಕಾಗ್ಲಿಲ್ವಾ?" ಎಂದು ಫ್ರಿಜ್ಜಿನಿಂದ ತಣ್ಣನೆಯ ಸೀರೆ ತೆಗೆದು ಉಟ್ಟುಕೊಂಡು ಹೊರಟಳು.

ಹೊರಟದ್ದು ಬಸ್ಸಿಗೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಅವಳ ಉಳಿತಾಯಕ್ಕೆ ಚಕ್ರ ಬಂದಿತ್ತು. ಶುಂಠಿಗೆ ಅರಕಲಗೂಡು, ತರಕಾರಿಗೆ ಹೊಳೆನರಸೀಪುರ, ತೆಂಗಿನಕಾಯಿಗೆ ಚನ್ನರಾಯಪಟ್ಟಣ. ಒಮ್ಮೆ ಚನ್ನರಾಯಪಟ್ಟಣದಲ್ಲಿ ಇಳಿಯಲೇ ಇಲ್ಲ. ಇನ್ನೂ ಅಗ್ಗವಾಗಿ ಸಿಗುತ್ತದೆಂದು ಹಿರೀಸಾವೆಯವರೆಗೂ ಹೋಗಿ ಆರು ಕಾಯಿ ತಂದಳು. ಕಾಯಿಗೆ ಐದು ರೂಪಾಯಿಯಂತೆ ಮೂವತ್ತು ಉಳಿಯಿತು. ರಸ್ತೆ ಬದಿಯ ಹೋಟೆಲಿನಲ್ಲಿ ಬೋಂಡಾ, ಕಾಫಿ, ಮತ್ತೆ ಬೋಂಡಾ, ಎಲ್ಲ ಸೇರಿ ಎಪ್ಪತ್ತು ಹೋಯಿತು.

"ನಲವತ್ತು ನಷ್ಟ ದೊಡ್ಡಮ್ಮ."

"ಬಸ್ ಚಾರ್ಜು ಉಳೀತಲ್ಲ, ಅದ್ಯಾಕ್ ಇಡ್ಯಾಕಿಲ್ಲ ಲೆಕ್ಕಕ್ಕೆ?"

"ಹೋಗದೇ ಇದ್ದಿದ್ದರೆ ಚಾರ್ಜೇ ಇರ್ತಿರಲಿಲ್ಲ."

"ಓಗ್ದೇ ಇರಾಕೆ ಪುಕ್ಕಟೆ ಬಸ್ ಯಾತಕ್ ಬುಟ್ಟವ್ರೆ?"

ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರ ಕಲಿಸುತ್ತಾರೆ?

ಹೀಗೆ ಉಳಿಸುತ್ತ ಉಳಿಸುತ್ತ ನಾವು ಹರಾಜಿನ ನೋಟಿಸಿನವರೆಗೆ ಬಂದು ತಲುಪಿದೆವು. ಬಡ್ಡಿ ಸಮೇತ ಕಟ್ಟಿ ಬಿಡಿಸಿಕೊಳ್ಳದಿದ್ದರೆ ತಿಂಗಳ ಕೊನೆಗೆ ಸರ ಹರಾಜು. ಆ ದಿನ ಅವ್ವ ಅವಲಕ್ಕಿ ನೆನೆಸಿದಳು, ಒಗ್ಗರಣೆ ಹಾಕುವುದನ್ನು ಮರೆತಳು, ನಾವೂ ಹಾಗೇ ತಿಂದೆವು. ನಾನು ಕಾಗದ ತೆಗೆದುಕೊಂಡು ಕೂತೆ. ಬಾಡಿಗೆ ಕಡಿಮೆಯಾಗಲೆಂದು ಊರಾಚೆ, ಸಾಲಗಾಮೆ ರಸ್ತೆಯ ಕಡೆ, ಒಂದು ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಆದರೂ ಸಾಲದು. ಇನ್ನು ಎಲ್ಲಿ ಕತ್ತರಿಸುವುದು? ನೋಡುತ್ತ ಹೋದರೆ ಬಾಡಿಗೆಯ ನಂತರದ ದೊಡ್ಡ ತೂತು ಕಂಡಿತು. ಮುಯ್ಯಿ!

ಯಾರದೇ ಮನೆಯಲ್ಲಿ ಮದುವೆಯಾದರೂ ಊಟ ಮಾಡಿ ಕೈ ತೊಳೆದು, ಪುಸ್ತಕ ಇಟ್ಟುಕೊಂಡು ಕೂತವನ ಮುಂದೆ ನಿಂತು, ಊರು ಹೆಸರು ಹೇಳಿ ದುಡ್ಡು ಬರೆಸಬೇಕಲ್ಲ, ಅದು. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ತಂದು ಹಾಕಬೇಕು. ಆ ತಿಂಗಳೊಂದರಲ್ಲೇ ಮೂರು ಮದುವೆಗೆ ದೊಡ್ಡಮ್ಮ ಪುಕ್ಕಟೆ ಬಸ್ಸಿನಲ್ಲಿ ಹೋಗಿ ಮುಯ್ಯಿ ಹಾಕಿ ಬಂದಿದ್ದಳು.

"ದೊಡ್ಡಮ್ಮ, ಮುಯ್ಯಿ ನಿಲ್ಲಿಸೋಣ" ಎಂದೆ.

ಹೊಲಿಗೆ ಮಿಷನ್ನು ನಿಂತಿತು. "ಬೇಕಾರೆ ಅನ್ನ ನಿಲ್ಸು. ಅದು ಖರ್ಚಲ್ಲ ಕಣವ್ವ, ಗಂಟು. ಮೂವತ್ತು ನಲವತ್ತು ವರ್ಷದಿಂದ ಊರೂರ್ಗೂ ಆಕಿವ್ನಿ."

"ಆ ಗಂಟು ವಾಪಸ್ ಬರೋದು ಯಾವಾಗ?"

"ನಮ್ಮನೇಲಿ ಒಂದ್ ಕಾರ್ಯ ಆದಾಗ."

ನಮ್ಮ ಮನೆಯಲ್ಲಿ ಕಾರ್ಯ! ನಾಮಕರಣಕ್ಕೆ ಕೂಸಿಲ್ಲ. ಕಿವಿ ಚುಚ್ಚಿಸೋಣವೆಂದರೆ ಮನೆಯಲ್ಲಿರುವ ಆರೂ ಕಿವಿಗಳಿಗೆ ಚುಚ್ಚಿ ಬಹಳ ಕಾಲವಾಗಿದೆ. ಮದುವೆಗೆ ನಾನಿದ್ದೇನೆ, ಮೂವತ್ತೇಳು ದಾಟಿದವಳು. ಅವ್ವ ನನ್ನತ್ತ ನೋಡಿದಳು; ನಾನು ಕ್ಯಾಲೆಂಡರಿನತ್ತ ನೋಡಿದೆ. "ಅದು ಬುಡು" ಎಂದಳು ದೊಡ್ಡಮ್ಮ, ಸ್ವಲ್ಪ ಬೇಗನೇ. ಆಮೇಲೆ ಮಿಷನ್ನಿನ ಮೇಲೆ ಒಂದು ಏಟು ಹಾಕಿದಳು. "ಮನೆ ಬದ್ಲಾಯಿಸ್ತಾ ಇವ್ವಲ್ಲ! ಒಕ್ಲು ಮಾಡ್ಬುಡಾನ!"

"ಬಾಡಿಗೆ ಮನೆಗೆ ಯಾರಾದ್ರೂ ಗೃಹಪ್ರವೇಶ ಮಾಡ್ತಾರಾ?"

"ಗುರುಪರ್ವೇಸ ಅಂದ್ನಾ ನಾನು? ಒಕ್ಲು ಅಂದೆ. ಬಾಡಿಗೆಗೆ ಇರೋನೂ ಒಕ್ಲೇಯ. ಓದಿರೋಳು ನೀನು, ಪುಸ್ತಕದಲ್ಲಿ ನೋಡು."

ನೋಡಿದೆ. ನಿಘಂಟು ಅವಳ ಕಡೆಗಿತ್ತು.

ಎರಡು ದಿನ ಕೂತು ದೊಡ್ಡಮ್ಮ ನಾಲ್ಕು ತಾಲ್ಲೂಕಿಗೆ ಫೋನು ಮಾಡಿದಳು. "ಹೊಸ ಮನೆ ಒಕ್ಲು ಮಡಗಿವ್ನಿ, ತಪ್ಪುಸ್ಬ್ಯಾಡಿ" ಎಂದಳೇ ಹೊರತು ಒಂದು ಅಕ್ಷರ ಸುಳ್ಳು ಹೇಳಲಿಲ್ಲ. ಮನೆ ನಮಗೆ ಹೊಸದೇ ತಾನೆ! ನಾನು ಬೇಡವೆಂದು ಹಟ ಹಿಡಿಯಬಹುದಿತ್ತು. ಹಿಡಿದೆ ಎಂದೇ ಬಹಳ ದಿನ ನಂಬಿದ್ದೆ. ಆದರೆ ಅಡುಗೆಯವನಿಗೆ ಅಕ್ಕಿಯ ಲೆಕ್ಕ ಬರೆದುಕೊಟ್ಟ ಚೀಟಿ ಮೊನ್ನೆ ಸಿಕ್ಕಿತು, ಅಕ್ಷರ ನನ್ನದೇ.

ಭಾನುವಾರ ಗಿರಣಿಗೆ ರಜೆ. ಅವ್ವ ಕತ್ತಿಗೆ ಪಿನ್ನು ಹಾಕಿಕೊಂಡು ಹಾಲುಕ್ಕಿಸಿದಳು. ಬಂದ ಜನ ರಸ್ತೆಯಲ್ಲಿ ನಿಂತು ಮನೆ ಹುಡುಕಿದರು. "ಗಿರಣಿನೂ ನಿಮ್ದೇಯೇನವ್ವ?" ಎಂದು ಅರಕಲಗೂಡಿನವರೊಬ್ಬರು ಬೆರಗಾದರು. ಮುಯ್ಯಿಯ ಜೊತೆಗೆ ಗೋಡೆ ಗಡಿಯಾರ ತಂದವರು ಏಳು ಜನ. ಎರಡು ಕೋಣೆಗೆ ಏಳು ಗಡಿಯಾರ! ನಮ್ಮ ಹತ್ತಿರ ಆಗ ಇಲ್ಲದೇ ಇದ್ದದ್ದೇ ಸಮಯ.

ಎಲ್ಲರಿಗಿಂತ ಮುಂಚೆ ಸುದ್ದಿ ತಲುಪಿದ್ದು ಸಾಲ ಕೊಟ್ಟವರಿಗೆ. ಸಂಘದ ಮುಖ್ಯಸ್ಥೆ ಬಂದು ಗೋಡೆ ತಟ್ಟಿ ನೋಡಿ, "ಮನೆ ಕಟ್ಸೋರ್ಗೆ ಮಂಗಳವಾರದ ಕಂತು ಭಾರ ಆಯ್ತದಾ?" ಎಂದಳು. ದಿನಸಿ ಅಂಗಡಿಯವರು ಹಲ್ಲು ಕಿರಿದು, "ಸಂತೋಷ ಕಣವ್ವ. ನಮ್ದೂ ಒಂದ್ ಸಣ್ಣ ಬಾಕಿ ಐತಲ್ಲ..." ಎಂದು ಶುರು ಮಾಡಿದರು. ನಾನು ನೆಲ ನೋಡುತ್ತ ನಿಂತೆ. ದೊಡ್ಡಮ್ಮ ನುಗ್ಗಿ ಬಂದು, "ಮೊದ್ಲು ಉಣ್ಣಿ ಸಾ, ಪಾಯ್ಸ ಆರೋಯ್ತದೆ" ಎಂದು ಅವರನ್ನು ಎಲೆಯ ಮುಂದೆ ಕೂರಿಸಿ, ಎರಡು ಸಲ ಪಾಯಸ ಬಡಿಸಿ, ಕೈ ತೊಳೆಸಿ, ಸೀದಾ ಮುಯ್ಯಿ ಪುಸ್ತಕದ ಮುಂದೆ ತಂದು ನಿಲ್ಲಿಸಿದಳು. ಪಾಪ, ಇನ್ನೂರು ಬರೆಸಿ ಹೋದರು!

ಪುಸ್ತಕ ಬರೆಯುತ್ತ ಕೂತವಳು ನಾನು. ಊರು, ಹೆಸರು, ಮೊತ್ತ. ಬಂದವರಲ್ಲಿ ಬಹಳ ಜನ ತಮ್ಮ ಮನೆಯ ಹಳೇ ಪುಸ್ತಕ ನೋಡಿಕೊಂಡೇ ಬಂದಿದ್ದರು. ಹಿರೀಸಾವೆಯಿಂದ ಬಂದ ಒಬ್ಬ ಹೆಂಗಸು ತಮ್ಮ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ತಂದಿದ್ದರು. ಲೆಕ್ಕ ಸರಿಯಾಗಿರಲಿ ಎಂದು ತೆರೆದು ನನ್ನ ಮುಂದೆ ಇಟ್ಟರು. ಹಳ್ಳಿಮೈಸೂರು ಎಂದಿತ್ತು. ಅದರ ಮುಂದೆ ದೊಡ್ಡಮ್ಮನ ಹೆಸರಿರಲಿಲ್ಲ. ನನ್ನ ಹೆಸರಿತ್ತು.

"ಇದು ನಮ್ ಅಣ್ಣನ ಮದ್ವೇದು. ನೀನು ಆಗಿನ್ನೂ ಕೈಕೂಸು ಕಣವ್ವ" ಎಂದರು ಆಕೆ. "ಯಾರೆಸ್ರಿಗೆ ಬರೀಲಿ ಅಂದ್ರೆ ನಿಮ್ ದೊಡ್ಡಮ್ಮ ನಿನ್ನೆಸ್ರೇ ಏಳೋಳು. ನನ್ ಮದ್ವೇಲೂ ಅಂಗೇಯ, ಎಲ್ರ್ ಮದ್ವೇಲೂ ಅಂಗೇಯ. ಅವ್ಳ ಲಗ್ನಕ್ಕೆ ಬರ್ಲಿ ಅನ್ನೋಳು. ನಾವೂ ನಿನ್ ಲಗ್ನಕ್ಕೇ ಅಂತ ಕಾಯ್ತಾ ಇದ್ದೋ. ಇರ್ಲಿ ಬುಡು, ಮನೆನೂ ಸುಬವೇ ಅಲ್ವಾ?"

ಅವರು ಕೊಟ್ಟ ನೋಟುಗಳನ್ನು ಎಣಿಸಲು ನನಗಾಗಲಿಲ್ಲ. ಅವರೇ ಮೊತ್ತ ಹೇಳಿದರು, ಬರೆದುಕೊಂಡೆ. ಆಮೇಲೆ ಬಂದವರನ್ನೆಲ್ಲ ಕೇಳಿದೆ. ಎಲ್ಲರ ಪುಸ್ತಕದಲ್ಲೂ ನಾನೇ. ನನಗೆ ಅಕ್ಷರ ಬರುವ ಮೊದಲಿನಿಂದ ನಾನು ನಾಲ್ಕು ತಾಲ್ಲೂಕಿನ ಮದುವೆಗಳಿಗೆ ಮುಯ್ಯಿ ಹಾಕುತ್ತ ಬಂದಿದ್ದೆ!

ಅಡುಗೆಯವನಿಗೆ ಕೊಟ್ಟು ಉಳಿದದ್ದು ಸರಕ್ಕೆ ಸರಿಹೋಯಿತು. ಸಂಘದ ಕಂತು, ಅಂಗಡಿಯ ಬಾಕಿ ಹಾಗೇ ಇವೆ. ಜೊತೆಗೆ, ಬಂದವರೆಲ್ಲ ಮರ್ಯಾದೆಗೆಂದು ಸೇರಿಸಿ ಹಾಕಿದ "ಒಂದಿಷ್ಟು" ಇದೆಯಲ್ಲ, ಅದನ್ನು ಅವರವರ ಮನೆಯ ಕಾರ್ಯಗಳಲ್ಲಿ ತೀರಿಸಬೇಕು. ಒಂದು ಸಾಲ ಹೋಗಿ ತೊಂಬತ್ತಾರು ಸಣ್ಣ ಸಾಲ ಬಂದವು. ಇದನ್ನು ಖರ್ಚು ಕಡಿಮೆ ಮಾಡುವುದು ಎನ್ನುತ್ತಾರೆ ನಮ್ಮ ಮನೆಯಲ್ಲಿ.

ಸೋಮವಾರ ಸರ ಬಿಡಿಸಿಕೊಂಡು ಬಂದೆವು. ಅವ್ವ ಸೆರಗಿನ ಪಿನ್ನು ತೆಗೆದು, ಸರ ಹಾಕಿಕೊಂಡು, ಕೆಲಸವೇನೂ ಇಲ್ಲದಿದ್ದರೂ ಬೀದಿಗೆ ಹೋಗಿ ನಿಂತಳು. ಒಳಗೆ ನಾನು ಮತ್ತು ದೊಡ್ಡಮ್ಮ ಇಬ್ಬರೇ. ಮದುವೆಯ ಆಸೆ ನನ್ನಲ್ಲಿ ಬತ್ತಿ ಎಷ್ಟೋ ವರ್ಷವಾಗಿತ್ತು, ಆ ಬಗ್ಗೆ ನನಗೆ ದುಃಖವೂ ಇರಲಿಲ್ಲ. ಆದರೆ ನನ್ನ ಪರವಾಗಿ ಆ ಆಸೆಯನ್ನು ಇನ್ನೊಬ್ಬರು ಇಟ್ಟುಕೊಂಡಿದ್ದರು ಎಂದು ತಿಳಿದದ್ದು, ಅವರೂ ಅದನ್ನು ಬಿಟ್ಟ ಮೇಲೆ.

ಕೇಳಿದೆ. ದೊಡ್ಡಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಆ ಹೊತ್ತಿಗೆ ಗಿರಣಿ ನಿಂತಿತ್ತು ಎಂದು ನನ್ನ ನೆನಪು. ನೆನಪು ತಪ್ಪಿರಲಿ ಎಂದು ಈಗ ಆಸೆ. ದಾರ ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಅವಳು ಪೋಣಿಸಲು ಹೋಗಲಿಲ್ಲ, ಸೂಜಿಯನ್ನು ಹಾಗೇ ಹಿಡಿದುಕೊಂಡು ಕೂತಳು. ನಾನು ಕೇಳಿದ್ದು ಇಷ್ಟೇ:

"ದೊಡ್ಡಮ್ಮ, ಇನ್ನು ನನಗೆ ಮದುವೆ ಆಗಲ್ಲ ಅಂತ ನಿಂಗೆ ಯಾವತ್ತು ಅನ್ನಿಸ್ತು?"